ಒಟಿಟಿಯಲ್ಲಿ ಸಣ್ಣ ಬಜೆಟ್ಟಿನ ಸಿನಿಮಾ ಹುಡುಕುವುದು: ಶಿರಸಿ–ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ, ಕುಮಟಾ ಬಸ್ಸಿನಲ್ಲಿ, ಸೊಸೈಟಿಯಲ್ಲಿ ಅಡಿಕೆ ಟೆಂಡರ್ ಮುಗಿಯುವುದನ್ನು ಕಾಯುತ್ತ ಕೂತಾಗ, ಅಪರೂಪಕ್ಕೆ ಪತ್ರದಲ್ಲಿ ಬಂದ ಪ್ರಶ್ನೆಗಳಿವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಸಿನಿಮಾ ಯಾವ ಆ್ಯಪಿನಲ್ಲಿದೆ ಎಂಬುದು ತಿಂಗಳು ತಿಂಗಳು ಬದಲಾಗುವ ಸಂಗತಿ. ಹಾಗಾಗಿ ವಿಳಾಸಕ್ಕಿಂತ ಹುಡುಕುವ ದಾರಿಗೆ ಇಲ್ಲಿ ಹೆಚ್ಚು ಜಾಗ.

## ಈಗಷ್ಟೇ ಶುರು ಮಾಡುವವರಿಗೆ

ಈ ‘ಇಂಡಿ ಸಿನಿಮಾ’ ಅಂದ್ರೆ ಎಂತದು? ಮೊದಲಿನ ಆರ್ಟ್ ಫಿಲಂಗೇ ಹೊಸ ಹೆಸರಾ?

ಪೂರ್ತಿ ಹಾಗಲ್ಲ. ಆರ್ಟ್ ಫಿಲಂ ಅನ್ನುವುದು ಸಿನಿಮಾದ ಬಗೆಗೆ ಇಟ್ಟ ಹೆಸರು. ಇಂಡಿ ಅನ್ನುವಾಗ ಮೊದಲು ಕೇಳಬೇಕಾದದ್ದು ದುಡ್ಡು ಯಾರದ್ದು ಎಂದು. ದೊಡ್ಡ ನಿರ್ಮಾಣ ಸಂಸ್ಥೆಯ ಹಂಗಿಲ್ಲದೆ, ಸ್ಟಾರ್ ಹೆಸರಿಲ್ಲದೆ, ಸ್ವಂತದ್ದೋ ಗೆಳೆಯರದ್ದೋ ಹಣ ಹಾಕಿ ಮಾಡಿದ್ದು ಯಾವ ಬಗೆಯ ಸಿನಿಮಾ ಆದರೂ ಇಂಡಿಯೇ. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಸುಮಾರು 50 ಲಕ್ಷ ರೂಪಾಯಿಯನ್ನು ಪ್ರೇಕ್ಷಕರಿಂದಲೇ ಎತ್ತಿದ್ದರು. ಅದು ಆರ್ಟ್ ಫಿಲಂ ಅಲ್ಲ, ಹಾಡೂ ತಿರುವೂ ಇರುವ ಥ್ರಿಲ್ಲರ್. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ, ನಕ್ಕು ನಕ್ಕು ಸುಸ್ತಾಗಬೇಕು, ಅದೇ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ತಂದಿತು. ಅಮೆರಿಕದ ‘ಪ್ರೈಮರ್’ 7,000 ಡಾಲರಿನಲ್ಲಿ ತೆಗೆದ ಕಾಲಯಾನದ ಕಥೆ, 2004ರ ಸನ್‌ಡ್ಯಾನ್ಸ್ ಉತ್ಸವದಲ್ಲಿ ದೊಡ್ಡ ಬಹುಮಾನ ಗೆದ್ದದ್ದು. ಒಂದು ಮಾತು: ದುಡ್ಡು ಕಡಿಮೆ ಇದ್ದಕೂಡಲೇ ಸಿನಿಮಾ ಒಳ್ಳೆಯದಾಗುವುದಿಲ್ಲ. ಕೆಟ್ಟ ಇಂಡಿ ಸಿನಿಮಾಗಳು ಬೇಕಾದಷ್ಟಿವೆ.

ಅರ್ಧ ತಾಸು ರಿಮೋಟ್ ಒತ್ತಿ ಒತ್ತಿ ಕಡೆಗೆ ಮೊದಲು ನೋಡಿದ್ದನ್ನೇ ನೋಡೂದಾಗ್ತದೆ. ಒಳ್ಳೆ ಸಿನಿಮಾ ಎಲ್ಲಿ ಅಡಗಿರ್ತದೆ ಮಾರಾಯ್ರೆ?

ಮುಖಪುಟದಲ್ಲಂತೂ ಇರುವುದಿಲ್ಲ. ಅಲ್ಲಿ ಮೇಲಿನ ಸಾಲುಗಳಲ್ಲಿ ಕೂರುವುದು ಕಂಪನಿ ತಾನೇ ದುಡ್ಡು ಸುರಿದು ಮಾಡಿದ್ದು, ಈ ವಾರ ಕೊಂಡದ್ದು, ಮತ್ತೆ ನಿಮ್ಮ ಮನೆಯವರು ಹಿಂದೆ ನೋಡಿದ್ದಕ್ಕೆ ಹತ್ತಿರದ್ದು. ಜನ ನೋಡಿದ್ದು ಇನ್ನಷ್ಟು ಜನರಿಗೆ ಕಾಣುತ್ತದೆ. ಯಾರೂ ನೋಡದ್ದು ಕೆಳಗೆ ಹೋಗುತ್ತದೆ. ಕೆಳಗೆ ಹೋದದ್ದನ್ನು ಮತ್ತೆ ಯಾರೂ ನೋಡುವುದಿಲ್ಲ. ಪೋಸ್ಟರಿಗೆ ಖರ್ಚು ಮಾಡಲು ದುಡ್ಡಿಲ್ಲದ ಚಿತ್ರ ಈ ಸುಳಿಯಲ್ಲಿ ಮೊದಲು ಮುಳುಗುತ್ತದೆ.

ನಾನು ಎಲ್ಲರಿಗೂ ಹೇಳುವುದು ಒಂದೇ: ಸಿನಿಮಾ ಹುಡುಕಬೇಡಿ, ಮನುಷ್ಯರನ್ನು ಹುಡುಕಿ. ‘ತಿಥಿ’ ಹಿಡಿಸಿತೇ? ಅದರ ಕಥೆ ಬರೆದವರು ಈರೇಗೌಡ. ಅವರ ಹೆಸರು ಹಿಡಿದು ಹೋದರೆ ಅವರೇ ನಿರ್ದೇಶಿಸಿದ ‘ಬಳೆಕೆಂಪ’ ಸಿಗುತ್ತದೆ, 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದದ್ದು. ‘ಪಿಂಕಿ ಎಲ್ಲಿ?’ ನೋಡಿದವರು ಪೃಥ್ವಿ ಕೊಣನೂರು ಹೆಸರಿನ ಬೆನ್ನು ಹತ್ತಿದರೆ ಹಿಂದಕ್ಕೆ ‘ರೈಲ್ವೆ ಚಿಲ್ಡ್ರನ್’, ಮುಂದಕ್ಕೆ ‘ಹದಿನೇಳೆಂಟು’. ಕ್ಯಾಮೆರಾದವರು, ಸಂಕಲನಕಾರರು, ಧ್ವನಿ ಮಾಡಿದವರು ಇನ್ನೂ ಒಳ್ಳೆಯ ದಾರಿ. ಯಾಕೆಂದರೆ ಒಳ್ಳೆಯ ತಂತ್ರಜ್ಞರು ಒಬ್ಬ ಸಣ್ಣ ನಿರ್ದೇಶಕನಿಂದ ಇನ್ನೊಬ್ಬನ ಹತ್ತಿರ ಹೋಗುತ್ತಿರುತ್ತಾರೆ.

ಈ ಹೆಸರುಗಳೆಲ್ಲ ಇರುವುದು ಸಿನಿಮಾ ಮುಗಿದ ಮೇಲೆ ಓಡುವ ಪಟ್ಟಿಯಲ್ಲಿ. ಆದರೆ ಆ ಹೊತ್ತಿಗೆ ಸರಿಯಾಗಿ ಪರದೆ ಚಿಕ್ಕದಾಗಿ ಮೂಲೆಗೆ ಸರಿದು, ‘ಮುಂದಿನದು ಐದು ಸೆಕೆಂಡಿನಲ್ಲಿ’ ಅಂತ ಬೇರೆ ಯಾವುದೋ ಶುರುವಾಗಿಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ ಆಟೊಪ್ಲೇ ಆರಿಸಿ ಇಡಿ, ಇಲ್ಲವೇ ‘ವಾಚ್ ಕ್ರೆಡಿಟ್ಸ್’ ಒತ್ತಿ. ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಂಡರೆ ಆಯಿತು.

ಮತ್ತೊಂದು, ಪ್ರತ್ಯೇಕ ಪ್ರೊಫೈಲ್ ಮಾಡಿಕೊಳ್ಳಿ. ಮಕ್ಕಳ ಕಾರ್ಟೂನು, ಆಯಿಯ ಸೀರಿಯಲ್ಲು, ತಮ್ಮನ ಕೊರಿಯನ್ ಸರಣಿ ಎಲ್ಲ ಒಂದೇ ಖಾತೆಯಲ್ಲಿ ನಡೆಯುವ ಮನೆಯಲ್ಲಿ ಆ್ಯಪಿಗೆ ನಿಮ್ಮ ರುಚಿ ತಿಳಿಯುವುದಾದರೂ ಹೇಗೆ? ಹೊಸ ಪ್ರೊಫೈಲಿನಲ್ಲಿ ಇಂಥ ನಾಲ್ಕಾರು ಸಿನಿಮಾ ಕೊನೆವರೆಗೆ ನೋಡಿ, ಹೆಬ್ಬೆಟ್ಟಿನ ಗುರುತು ಒತ್ತಿ; ಸಾಲುಗಳು ನಿಧಾನ ಬದಲಾಗುತ್ತವೆ. ನೆಟ್‌ಫ್ಲಿಕ್ಸನ್ನು ಕಂಪ್ಯೂಟರಿನಲ್ಲಿ ತೆರೆಯುವವರು ವಿಳಾಸದ ಕೊನೆಯಲ್ಲಿ ಬ್ರೌಸ್, ಜಾನರ್, 7077 ಎಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ಬರೆದರೆ ಇಂಡಿಪೆಂಡೆಂಟ್ ಸಿನಿಮಾಗಳ ಪುಟವೇ ಬರುತ್ತದೆ. ಮೆನುವಿನಲ್ಲಿ ಸುಲಭಕ್ಕೆ ಕಾಣದ ಬಾಗಿಲು ಇದು.

ಎಲ್ಲಾ ಆ್ಯಪಿಗೂ ದುಡ್ಡು ಕೊಡ್ತಾ ಕೂತ್ರೆ ತೋಟ ಮಾರಬೇಕಾಗ್ತದೆ. ಯಾವುದು ಸಾಕು?

ಒಂದು ಹೊತ್ತಿಗೆ ಒಂದು. ತಿಂಗಳ ಚಂದಾ ಕಟ್ಟಿ, ಮೊದಲೇ ಬರೆದಿಟ್ಟ ಪಟ್ಟಿ ಮುಗಿಸಿ, ರದ್ದು ಮಾಡಿ, ಮುಂದಿನ ತಿಂಗಳು ಇನ್ನೊಂದು. ವರ್ಷದ ಚಂದಾ ಅಗ್ಗ ಅನ್ನಿಸಿದರೂ ಸಣ್ಣ ಸಿನಿಮಾ ನೋಡುವವರಿಗೆ ಲಾಭವಿಲ್ಲ, ಅವು ಒಂದೇ ಕಡೆ ಇರುವುದಿಲ್ಲ. ಜಗತ್ತಿನ ಇಂಡಿ ಚಿತ್ರಗಳನ್ನು ಜನ ಕೂತು ಆರಿಸಿ ಇಟ್ಟಿರುವುದು ಮೂಬಿ. ಅಲ್ಲಿ ಕನ್ನಡ ಅಪರೂಪ. ಕನ್ನಡ ಹೆಚ್ಚು ಸಿಗುವುದು ಪ್ರೈಮ್, ಜೀ5, ಸನ್ ನೆಕ್ಸ್ಟ್‌ನಲ್ಲಿ. ಪ್ರೈಮಿನಲ್ಲಿ 2022ರಿಂದ ಬಾಡಿಗೆ ಅಂಗಡಿಯೂ ಇದೆ: ಒಂದೇ ಸಿನಿಮಾಕ್ಕೆ ದುಡ್ಡು ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ 48 ತಾಸಿನಲ್ಲಿ ಮುಗಿಸಬೇಕು. ಪ್ರಸಾರ ಭಾರತಿಯ ‘ವೇವ್ಸ್’ ಆ್ಯಪ್ 2024ರ ನವೆಂಬರಿನಲ್ಲಿ ಗೋವಾದಲ್ಲೇ ಶುರುವಾದದ್ದು, ಅದನ್ನು ಹಾಕಿಕೊಳ್ಳಲು ಖರ್ಚಿಲ್ಲ. ಯೂಟ್ಯೂಬನ್ನು ಕಡೆಗಣಿಸಬೇಡಿ, ಕಿರುಚಿತ್ರಗಳ ದೊಡ್ಡ ಕಣಜ ಅಲ್ಲಿಯೇ ಇದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನೋಡೂದು ಯಾವಾಗ?

ಜೂನಿನಿಂದ ಸೆಪ್ಟೆಂಬರ್‌ವರೆಗೆ ಡೌನ್‌ಲೋಡೇ ಗತಿ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಎಚ್‌ಡಿಗೆ ತಾಸಿಗೆ 3 ಜಿಬಿವರೆಗೆ ಬೇಕು, ಮಧ್ಯಮ ಗುಣಮಟ್ಟಕ್ಕೆ 0.7 ಜಿಬಿ ಸಾಕು. ಮೊಬೈಲ್ ಪರದೆಗೆ ಮಧ್ಯಮವೇ ಧಾರಾಳ. ಪೇಟೆಗೆ ಬಂದಾಗ ನೆಂಟರ ಮನೆಯ ವೈಫೈಯಲ್ಲಿ ಇಳಿಸಿಕೊಂಡು ಹೋಗಿ. ಇಳಿಸಿದ್ದಕ್ಕೂ ಅವಧಿ ಇರುತ್ತದೆ, ತಿಂಗಳುಗಟ್ಟಲೆ ಇಡಲಾಗದು. ಬಿಎಸ್‌ಎನ್‌ಎಲ್ ಫೈಬರ್ ಇದ್ದವರು ರೂಟರಿಗೊಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ, ಗುಡುಗು ಜೋರಾದರೆ ಪ್ಲಗ್ ಕಿತ್ತಿಡಿ.

ಮನೆಯವರೆಲ್ಲ ಕೂತು ನೋಡಬಹುದಾ? ಮಾವನೋರು ಇರ್ತಾರೆ.

ಒಟಿಟಿ ಚಿತ್ರಗಳಿಗೆ ಸೆನ್ಸಾರ್ ಸರ್ಟಿಫಿಕೇಟು ಕಡ್ಡಾಯವಿಲ್ಲ. 2021ರ ಐಟಿ ನಿಯಮದಂತೆ ಯು, ಯು/ಎ 7+, 13+, 16+, ಎ ಎಂಬ ವಯಸ್ಸಿನ ಗುರುತನ್ನು ಕಂಪನಿಯೇ ಹಾಕಬೇಕು. ಪಕ್ಕದಲ್ಲೇ ಕಾರಣವೂ ಒಂದೆರಡು ಪದದಲ್ಲಿ ಇರುತ್ತದೆ. ಪೋಸ್ಟರಿಗಿಂತ ಅದನ್ನು ನಂಬಿ. ಮಂಸೋರೆಯವರ ‘ನಾತಿಚರಾಮಿ’ ಕನ್ನಡದ ಧೈರ್ಯದ ಚಿತ್ರಗಳಲ್ಲಿ ಒಂದು, ಗಂಡನನ್ನು ಕಳೆದುಕೊಂಡ ಹೆಣ್ಣಿನ ದೇಹದ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಕೇಳುತ್ತದೆ. ನೋಡಲೇಬೇಕು, ಮಾವನವರ ಜೊತೆಗಲ್ಲ. ಎಲ್ಲರೂ ಕೂತು ನೋಡಲು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಹೇಳುತ್ತೇನೆ: ಸರಕಾರಿ ಶಾಲೆಯ ಬಿಸಿಯೂಟದ ಅಡುಗೆಯಾಕೆ ನೆಟ್‌ವರ್ಕ್ ಮಾರ್ಕೆಟಿಂಗಿನ ಬಲೆಗೆ ಬೀಳುವ ಕಥೆ. 2022ರಲ್ಲಿ ಕೊರಿಯಾದ ಬೂಸಾನ್ ಉತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದದ್ದು. ಇಂಥ ಪುಡಿ, ಪಾನೀಯದ ಡಬ್ಬಿ ಮಾರಲು ಬಂದ ನೆಂಟರು ಯಾರ ಮನೆಗೆ ಬಂದಿಲ್ಲ ಹೇಳಿ.

## ಸ್ವಲ್ಪ ರೂಢಿಯಾದವರಿಗೆ

ಹೆಸರು ಹಾಕಿ ಹುಡುಕಿದ್ರೂ ‘ಸಿಗಲಿಲ್ಲ’ ಅಂತ ತೋರಿಸ್ತದೆ. ಇದ್ದದ್ದು ಹೌದಾ?

ಹೆಚ್ಚಿನ ಸಲ ಇರುತ್ತದೆ, ಹೆಸರು ಬೇರೆಯಾಗಿರುತ್ತದೆ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಟಿ’ ಮುಂದೆ ‘ಎಚ್’ ಇದೆಯೋ ಇಲ್ಲವೋ, ‘ಎ’ ಒಂದೋ ಎರಡೋ ಎಂಬುದರಲ್ಲೇ ಕೆಡುತ್ತದೆ. ಎರಡೂ ರೀತಿ ಹಾಕಿ ನೋಡಿ. ಉತ್ಸವಗಳಿಗೆ ಹೋಗುವ ಚಿತ್ರಕ್ಕೆ ಇಂಗ್ಲಿಷಿನದೇ ಇನ್ನೊಂದು ಹೆಸರಿರುತ್ತದೆ: ‘ಹದಿನೇಳೆಂಟು’ ಹೊರಗೆ ‘ಸೆವೆಂಟೀನರ್ಸ್’, ‘ಬಳೆಕೆಂಪ’ ‘ದ ಬ್ಯಾಂಗಲ್ ಸೆಲ್ಲರ್’, ತಮಿಳಿನ ‘ಕೂಳಂಗಲ್’ ‘ಪೆಬಲ್ಸ್’. ಅಷ್ಟಕ್ಕೂ ಸಿಗದಿದ್ದರೆ ನಿರ್ದೇಶಕರ ಹೆಸರು ಹಾಕಿ. ಯಾವ ಆ್ಯಪಿನಲ್ಲಿದೆ ಎಂದು ಒಟ್ಟಿಗೇ ನೋಡಲು ಜಸ್ಟ್‌ವಾಚ್ ಇದೆ. ದೇಶ ‘ಇಂಡಿಯಾ’ ಅಂತ ಆರಿಸಿಕೊಳ್ಳಿ. ಅದರಲ್ಲಿ ಬೇಕಾದ ಸಿನಿಮಾಗಳ ಪಟ್ಟಿ ಮಾಡಿಟ್ಟರೆ ಬಂದಾಗ ತಿಳಿಸುತ್ತದೆ.

ರೇಟಿಂಗ್ 5.8 ಇದೆ. ನೋಡೂದಾ, ಬಿಡೂದಾ?

ಅಂಕೆಯನ್ನಲ್ಲ, ಎಷ್ಟು ಜನ ಹಾಕಿದ್ದಾರೆ ಎಂಬುದನ್ನು ಮೊದಲು ನೋಡಿ. ನೂರಿನ್ನೂರು ಜನರ ಓಟಿನ ಸರಾಸರಿ ಅಂದರೆ ಚಾಲಿ, ಕೆಂಪುಗೋಟು, ಕೋಕಾ ಅಂತ ಬೇರೆ ಬೇರೆ ದರ್ಜೆಯ ಅಡಿಕೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ದರ ಹೇಳಿದ ಹಾಗೆ. ಹತ್ತು ಕೊಟ್ಟವರು ಚಿತ್ರತಂಡದ ಗೆಳೆಯರಿರಬಹುದು, ಒಂದು ಕೊಟ್ಟವರು ಫೈಟ್ ಇಲ್ಲ ಅಂತ ಸಿಟ್ಟಾದವರು. ನಾನು ಕಡಿಮೆ ಅಂಕ ಕೊಟ್ಟವರು ಬರೆದದ್ದನ್ನು ಓದುತ್ತೇನೆ. ‘ತುಂಬಾ ಸ್ಲೋ’, ‘ಕ್ಲೈಮ್ಯಾಕ್ಸೇ ಇಲ್ಲ’ ಅಂತಿದ್ದರೆ ನೋಡಲು ಕೂರುತ್ತೇನೆ. ‘ಮಾತು ಕೇಳಿಸುವುದಿಲ್ಲ’ ಅಂತ ಇಬ್ಬರು ಮೂವರು ಹೇಳಿದ್ದರೆ ಮಾತ್ರ ಹುಷಾರಾಗುತ್ತೇನೆ. ದುಡ್ಡಿಲ್ಲದ ಚಿತ್ರ ಮೊದಲು ಸೋಲುವುದು ಧ್ವನಿಯಲ್ಲಿ. ಲೆಟರ್‌ಬಾಕ್ಸ್ಡ್ ಅಂತ ಸಿನಿಮಾ ನೋಡಿದವರು ಅಭಿಪ್ರಾಯ, ಪಟ್ಟಿ ಬರೆದಿಡುವ ತಾಣವಿದೆ. ಅಲ್ಲಿ ನಿಮಗೆ ಹಿಡಿಸಿದ್ದನ್ನೇ ಮೆಚ್ಚಿದ ಯಾರಾದರೊಬ್ಬರನ್ನು ಹಿಡಿದರೆ ಅವರ ಪಟ್ಟಿ ಯಾವ ಅಂಕೆಗಿಂತಲೂ ಮೇಲು.

ಪ್ರಶಸ್ತಿ ಬಂದದ್ದೆಲ್ಲ ನೋಡಿದ್ರೆ ಸಾಕಲ್ಲ?

ಪ್ರಶಸ್ತಿ ಪಟ್ಟಿ ಒಳ್ಳೆಯ ಬಲೆ, ಆದರೆ ಕಣ್ಣು ದೊಡ್ಡದು. ರಾಷ್ಟ್ರಪ್ರಶಸ್ತಿಯ ‘ಅತ್ಯುತ್ತಮ ಕನ್ನಡ ಚಿತ್ರ’ದ ಸಾಲಿನಲ್ಲಿ ‘ಹರಿವು’, ‘ತಿಥಿ’, ‘ಅಕ್ಷಿ’, ‘ಡೊಳ್ಳು’ ಸಿಗುತ್ತವೆ. 70ನೇ ಸಾಲಿನಲ್ಲಿ ಅದೇ ಪ್ರಶಸ್ತಿ ‘ಕೆಜಿಎಫ್ 2’ಕ್ಕೆ ಹೋಗಿದೆ. ಅದನ್ನು ಹುಡುಕಿಕೊಡಲು ನಾನು ಬೇಕಾಗಿಲ್ಲ.

ನನ್ನ ಅನುಭವದಲ್ಲಿ ದೊಡ್ಡ ಉತ್ಸವಗಳ ಮುಖ್ಯ ಸ್ಪರ್ಧೆಗಿಂತ ಪಕ್ಕದ ವಿಭಾಗಗಳು, ಹೊಸ ನಿರ್ದೇಶಕರತ್ತ ಕಣ್ಣಿಟ್ಟ ಸ್ಪರ್ಧೆಗಳೇ ಹೆಚ್ಚು ಫಲ ಕೊಡುತ್ತವೆ. ಬರ್ಲಿನ್‌ನ ಫೋರಂ, ರಾಟರ್‌ಡ್ಯಾಮಿನ ಟೈಗರ್, ಬೂಸಾನಿನಲ್ಲಿ 2024ರವರೆಗೆ ಇದ್ದ ನ್ಯೂ ಕರೆಂಟ್ಸ್, ವೆನಿಸ್ಸಿನ ಒರಿಜೊಂಟಿ. ಚೈತನ್ಯ ತಮ್ಹಾಣೆಯವರ ‘ಕೋರ್ಟ್’ 2014ರಲ್ಲಿ ಗೆದ್ದದ್ದು ಈ ಕೊನೆಯದರಲ್ಲೇ. ಐದು ವರ್ಷ ಹಿಂದಿನ ಪಟ್ಟಿ ತೆಗೆದು, ಗೆದ್ದದ್ದನ್ನೂ ಗೆಲ್ಲದೆ ಬರೀ ಆಯ್ಕೆಯಾದದ್ದನ್ನೂ ಜಸ್ಟ್‌ವಾಚಿಗೆ ಹಾಕಿ. ಈ ವರ್ಷದ್ದು ಇನ್ನೂ ಒಟಿಟಿಗೆ ಬಂದಿರುವುದಿಲ್ಲ, ಹಳೆಯದು ಬಂದು ಸದ್ದಿಲ್ಲದೆ ಕೂತಿರುತ್ತದೆ.

ಇವೆಲ್ಲ ಎಂತಕ್ಕೆ ಇಷ್ಟು ನಿಧಾನ? ಹತ್ತು ನಿಮಿಷಕ್ಕೆ ನಿದ್ದೆ ಬರ್ತದೆ.

ಕೆಲವು ಸುಮ್ಮನೆ ನಿಧಾನ. ನಿರ್ದೇಶಕನಿಗೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಿಲ್ಲದೆ ಉದ್ದ ಮಾಡಿದ್ದು. ಅವನ್ನು ನಿಲ್ಲಿಸಿ ಮಲಗಿ, ಪಾಪವಿಲ್ಲ. ಇನ್ನು ಕೆಲವದಕ್ಕೆ ನಿಧಾನ ಬೇಕೇ ಬೇಕು. ಪಿ.ಎಸ್. ವಿನೋದರಾಜ್ ಅವರ ‘ಕೂಳಂಗಲ್’ 2021ರ ಟೈಗರ್ ಪ್ರಶಸ್ತಿಯ ಚಿತ್ರ, ಒಟ್ಟು 75 ನಿಮಿಷ. ಕುಡುಕ ಅಪ್ಪ, ಶಾಲೆಗೆ ಹೋಗುವ ಮಗ, ಬಿಸಿಲಿನಲ್ಲಿ ನಡೆಯುತ್ತಾರೆ. ಕಥೆ ಅಂದರೆ ಇಷ್ಟೇ. ಬಾಯಾರಿಕೆಗೆ ಹುಡುಗ ಬಾಯಲ್ಲೊಂದು ಕಲ್ಲು ಇಟ್ಟುಕೊಳ್ಳುತ್ತಾನೆ. ಮನೆಗೆ ಬಂದು ಅದನ್ನು ಇಡುವ ಜಾಗದಲ್ಲಿ ಅಂಥವೇ ಕಲ್ಲುಗಳ ಒಂದು ಗುಡ್ಡೆ ಇದೆ. ಈ ನಡಿಗೆ ಎಷ್ಟನೆಯದು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಸಿಲಿನಲ್ಲಿ ಅಷ್ಟು ಹೊತ್ತು ನಡೆಸದಿದ್ದರೆ ಆ ಗುಡ್ಡೆ ನಮಗೆ ಬರೀ ಕಲ್ಲಾಗಿ ಕಾಣುತ್ತಿತ್ತು.

ರಾತ್ರಿ ಊಟವಾದ ಮೇಲೆ ಇಂಥದ್ದಕ್ಕೆ ಕೂರಬೇಡಿ. ಆದಿತ್ಯವಾರ ಬೆಳಿಗ್ಗೆ, ದೋಸೆ ತಿಂದು, ಫೋನು ಇನ್ನೊಂದು ಕೋಣೆಯಲ್ಲಿಟ್ಟು ನೋಡಿ. ಇಪ್ಪತ್ತು ನಿಮಿಷ ಕೊಟ್ಟು ಆಮೇಲೆ ತೀರ್ಮಾನಿಸಿ. 1.5 ವೇಗದಲ್ಲಿ ಮಾತ್ರ ಓಡಿಸಬೇಡಿ, ಬೇಡವಾದರೆ ಬಿಟ್ಟುಬಿಡಿ.

ನಮ್ಮ ಕಡೆಯವರು ಮಾಡಿದ್ದು ಇದ್ಯನಾ? ಜಲಪಾತ ತೋರಿಸೂದಲ್ಲ, ನಮ್ಮ ಊರು ತೋರಿಸೂದು.

ಇದೆ. ನಟೇಶ್ ಹೆಗಡೆ ನಮ್ಮ ಜಿಲ್ಲೆಯವರೇ. ಅವರ ಮೊದಲ ಚಿತ್ರ ‘ಪೆಡ್ರೊ’ 2021ರಲ್ಲಿ ಬೂಸಾನಿಗೆ ಹೋಯಿತು. ನಿರ್ಮಾಪಕರು ರಿಷಬ್ ಶೆಟ್ಟಿ. ಮುಖ್ಯ ಪಾತ್ರದಲ್ಲಿರುವವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ಕಾಡುಹಂದಿ ಕಾಯಲು ಹೋದ ಎಲೆಕ್ಟ್ರಿಶಿಯನ್ನನ ಕೈಯಿಂದ ಆಕಳು ಸಾಯುತ್ತದೆ. ಆಮೇಲೆ ಊರು ಅವನನ್ನು ನೋಡುವ ರೀತಿ ಬದಲಾಗುತ್ತದೆ. ಮಳೆ, ತೋಟ, ಕಾಡು ಎಲ್ಲ ನಮ್ಮದೇ, ಆದರೆ ಚೆಂದ ಕಾಣಲಿ ಅಂತ ಇಟ್ಟದ್ದಲ್ಲ. ಯಾರು ಜಗಲಿಯ ಮೇಲೆ ಕೂರುತ್ತಾರೆ, ಯಾರು ಅಂಗಳದಲ್ಲಿ ನಿಲ್ಲುತ್ತಾರೆ ಎಂಬುದನ್ನು ಬಲ್ಲ ನಮಗೆ ಇದನ್ನು ನೋಡುವಾಗ ಆಗುವ ಮುಜುಗರ ಹೊರಗಿನವರಿಗೆ ಆಗಲಿಕ್ಕಿಲ್ಲ. ಅವರ ಎರಡನೆಯದು ‘ವಾಘಾಚಿಪಾಣಿ’, ಅಮರೇಶ ನುಗಡೋಣಿಯವರ ಕಥೆ ಆಧರಿಸಿದ್ದು, 2025ರಲ್ಲಿ ಬರ್ಲಿನ್ ಫೋರಂನಲ್ಲಿತ್ತು. ಎರಡಕ್ಕೂ ಕ್ಯಾಮೆರಾ ವಿಕಾಸ್ ಅರಸ್. ಹೆಸರು ಹಿಡಿದು ಹೋಗಿ ಅಂದೆನಲ್ಲ, ಇದು ಒಳ್ಳೆಯ ಹೆಸರು.

ನಾವು ಕಾರವಾರದವರು, ಮನೇಲಿ ಕೊಂಕಣಿ. ಕೊಂಕಣಿಯಲ್ಲಿ ಎಂತಾದ್ರೂ ಉಂಟಾ?

ಲಕ್ಷ್ಮೀಕಾಂತ ಶೆಟಗಾಂವಕರ್ ಅವರ ‘ಪಲ್ತಡಚೊ ಮುನಿಸ್’ನಿಂದ ಶುರು ಮಾಡಿ. ಘಟ್ಟದ ಕಾಡಿನಲ್ಲಿ ಒಂಟಿಯಾಗಿರುವ ಫಾರೆಸ್ಟ್ ಗಾರ್ಡ್, ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಹೆಂಗಸು, ಅವರಿಬ್ಬರನ್ನು ಸಹಿಸದ ಊರು. 2009ರಲ್ಲಿ ಟೊರಾಂಟೊದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದದ್ದು, ದುಡ್ಡು ಹಾಕಿದ್ದು ಕೇಂದ್ರ ಸರಕಾರದ ಚಲನಚಿತ್ರ ಅಭಿವೃದ್ಧಿ ನಿಗಮ, ಎನ್‌ಎಫ್‌ಡಿಸಿ. ಮೂಲ ಕಾದಂಬರಿ ಮಹಾಬಳೇಶ್ವರ ಸೈಲ್ ಅವರದು, ಅವರು ಕಾರವಾರದವರೇ. ಹಾಡು ಬೇಕೆನ್ನುವವರಿಗೆ ಬಾರ್ಡ್ರಾಯ್ ಬರೆಟೊ ಅವರ ‘ನಾಚೊಂಯಾ ಕುಂಪಾಸಾರ್’ ಇದೆ, ಅದೂ ಜನರ ದುಡ್ಡಿನಲ್ಲಿ ಆದದ್ದು.

## ಇನ್ನೂ ಒಳಗೆ ಹೋಗುವವರಿಗೆ

ಮಗ ಅಮೆರಿಕದಲ್ಲಿ ನೋಡಿದ್ನಂತೆ, ನಮ್ಮಲ್ಲಿ ಅದೇ ಆ್ಯಪಿನಲ್ಲಿ ಇಲ್ಲ. ಹೋದ ತಿಂಗಳು ಇದ್ದದ್ದೂ ಈಗ ಇಲ್ಲ. ಎಂತ ಕಥೆ ಇದು?

ಆ್ಯಪಿನವರು ಸಿನಿಮಾವನ್ನು ಪೂರ್ತಿ ಕೊಂಡಿರುವುದಿಲ್ಲ, ತೋರಿಸುವ ಹಕ್ಕನ್ನಷ್ಟೇ ದೇಶ ಮತ್ತು ಅವಧಿ ಲೆಕ್ಕದಲ್ಲಿ ಗೇಣಿಗೆ ಪಡೆದಿರುತ್ತಾರೆ. ಅಮೆರಿಕದ ಹಕ್ಕು ಒಬ್ಬರದ್ದು, ಭಾರತದ್ದು ಇನ್ನೊಬ್ಬರದ್ದು, ಕೆಲವೊಮ್ಮೆ ಭಾರತದ್ದು ಯಾರೂ ಕೊಂಡೇ ಇರುವುದಿಲ್ಲ. ಅವಧಿ ಮುಗಿದ ಮೇಲೆ, ನೋಡಿದವರು ಕಡಿಮೆ ಎಂದಾದರೆ, ನವೀಕರಿಸುವುದಿಲ್ಲ. ಹಾಗಾಗಿ ಸಣ್ಣ ಸಿನಿಮಾ ಕಂಡ ಕೂಡಲೇ ನೋಡಿ. ‘ಮೈ ಲಿಸ್ಟ್’ಗೆ ಹಾಕಿಟ್ಟದ್ದು ಹೇಳದೆ ಕೇಳದೆ ಮಾಯವಾಗುತ್ತದೆ.

ಕನ್ನಡದ ಸಣ್ಣ ಸಿನಿಮಾ ಅಂದ್ರೆ ಒಟಿಟಿಯವರು ಮೂಗು ಮುರೀತಾರಂತೆ, ಹೌದಾ?

ಬಹುಮಟ್ಟಿಗೆ ಹೌದು. ಲಾಕ್‌ಡೌನ್ ಹೊತ್ತಿನಲ್ಲಿ ಮುಗಿಬಿದ್ದು ಕೊಂಡವರು ಆಮೇಲೆ ಥಿಯೇಟರ್ ಗಳಿಕೆ ನೋಡಿ ಮಾತಾಡತೊಡಗಿದರು. ಥಿಯೇಟರೇ ಸಿಗದ ಚಿತ್ರಕ್ಕೆ ಗಳಿಕೆ ಎಲ್ಲಿಂದ? ರಕ್ಷಿತ್ ಶೆಟ್ಟಿಯವರ ಸಂಸ್ಥೆ ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ಕೊಳ್ಳುವವರಿಲ್ಲದೆ 2024ರಲ್ಲಿ ಸ್ವಂತ ತಾಣದಲ್ಲೇ ಬಿಡಬೇಕಾಯಿತು. ಅಷ್ಟು ಹೆಸರಿದ್ದವರ ಪಾಡೇ ಇದು. 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಸರಕಾರದ್ದೇ ಒಟಿಟಿ ಮಾಡುವ ಮಾತೂ ಬಂತು.

ಪ್ರೇಕ್ಷಕರು ತಿಳಿಯಬೇಕಾದದ್ದು ಒಂದಿದೆ. ಎಷ್ಟೋ ಸಣ್ಣ ಚಿತ್ರಗಳಿಗೆ ಇಡಿಗಂಟು ಸಿಗುವುದಿಲ್ಲ, ಜನ ನೋಡಿದ ಹೊತ್ತಿನ ಲೆಕ್ಕದಲ್ಲಿ ಪೈಸೆ ಪೈಸೆ ಬರುತ್ತದೆ. ಅರ್ಧಕ್ಕೆ ಬಿಟ್ಟರೆ ಅರ್ಧ. ಹಿಡಿಸಿದರೆ ಕೊನೆವರೆಗೂ ನೋಡಿ.

ಟೆಲಿಗ್ರಾಮಿನಲ್ಲಿ ಫ್ರೀ ಬರ್ತದಲ್ಲ, ಲಿಂಕ್ ಕಳಿಸ್ಲಾ ಅಣ್ಣ?

ಬೇಡ ತಮ್ಮ. ಕೋಟಿಗಟ್ಟಲೆಯ ಚಿತ್ರ ಕದ್ದರೂ ತಡೆದುಕೊಂಡೀತು. ನಿಮಿಷದ ಲೆಕ್ಕದಲ್ಲಿ ಬದುಕುವ ಚಿತ್ರಕ್ಕೆ ಹಾಗಲ್ಲ. 2023ರ ಸಿನಿಮಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕದ್ದು ಪ್ರತಿ ಮಾಡುವುದಕ್ಕೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು ಇದೆ.

ಘಟಶ್ರಾದ್ಧ, ದ್ವೀಪದಂಥ ಹಳೇ ಸಿನಿಮಾ ಎಲ್ಲಿ ಸಿಕ್ಕೀತು?

ಕೆಲವು ಯೂಟ್ಯೂಬಿನಲ್ಲಿ ಸಿಗುತ್ತವೆ, ಪ್ರಿಂಟು ಮಸುಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈಗ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ಸಿನ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಲ್ಪಟ್ಟಿತು. ಆ ಹೊಸ ಪ್ರತಿ ಎಲ್ಲಾದರೂ ತೆರೆಯ ಮೇಲೆ ಬಂದರೆ ಹೋಗಿ. ಫೋನಿನಲ್ಲಿ ನೋಡಿ ಮುಗಿಸಿಬಿಡಬೇಡಿ.

ನಮ್ಮ ಯುವಕ ಸಂಘದಲ್ಲಿ ಪರದೆ ಕಟ್ಟಿ ಒಟಿಟಿ ಸಿನಿಮಾ ತೋರಿಸಬಹುದಾ?

ನಿಮ್ಮ ಚಂದಾ ಮನೆಯ ಮಟ್ಟಿಗೆ ಮಾತ್ರ, ಟಿಕೆಟ್ ಇಡದಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಅದು ನಡೆಯುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯ, ನಿರ್ದೇಶಕರಿಗೇ ನೇರ ಬರೆಯುವುದು. ಸಣ್ಣ ಚಿತ್ರದವರು ಉತ್ತರ ಕೊಡುತ್ತಾರೆ, ದೊಡ್ಡವರ ಹಾಗೆ ಮ್ಯಾನೇಜರ್ ಹತ್ತಿರ ಕಳಿಸುವುದಿಲ್ಲ. ಎಷ್ಟು ಜನ, ಎಂಥ ಪ್ರೊಜೆಕ್ಟರು, ಎಷ್ಟು ಗೌರವಧನ ಕೊಡಬಲ್ಲಿರಿ ಎಂದು ಮೊದಲ ಪತ್ರದಲ್ಲೇ ಬರೆಯಿರಿ. ಸೆನ್ಸಾರ್ ಆಗಿದೆಯೇ ಎಂದು ಕೇಳಿ, ಸಾರ್ವಜನಿಕವಾಗಿ ತೋರಿಸಲು ಅದು ಬೇಕು. ಸ್ಪೀಕರಿನ ಬಗ್ಗೆ ಜಿಪುಣತನ ಬೇಡ, ಭಜನೆಯ ಹಾರ್ನ್ ಕಟ್ಟಿ ಸಿನಿಮಾ ತೋರಿಸಿದರೆ ಜನ ಎದ್ದು ಹೋಗುತ್ತಾರೆ. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎನ್ನುವವರು ಪಕ್ಕದ ಹೆಗ್ಗೋಡಿನ ಕಡೆ ನೋಡಲಿ. ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ.

ಗೋವಾ ಫಿಲಂ ಫೆಸ್ಟಿವಲ್ಲಿಗೆ ನಮ್ಮಂಥವರು ಹೋಗಬಹುದಾ?

ಹೋಗಬೇಕು. ಬೆಂಗಳೂರಿನವರು ರಜೆ ಹಾಕಿ ರೂಮು ಮಾಡಿ ಬರುವ ಇಫಿ, ಕಾರವಾರದವರಿಗೆ ನೂರು ಕಿಲೋಮೀಟರು. 2004ರಿಂದ ಪಣಜಿಯಲ್ಲೇ, ಸಾಮಾನ್ಯವಾಗಿ ನವೆಂಬರಿನಲ್ಲಿ, ನಡೆಯುತ್ತಿದೆ. ಪ್ರತಿನಿಧಿಯಾಗಿ ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು, ಸೀಟನ್ನೂ ಮುಂಚೆ ಕಾಯ್ದಿರಿಸಬೇಕು. ಹೆಸರಾಂತ ವಿದೇಶಿ ಚಿತ್ರಗಳಿಗೆ ಸೀಟು ಕ್ಷಣದಲ್ಲಿ ಮುಗಿಯುತ್ತದೆ. ಅವು ಹೇಗೂ ಒಟಿಟಿಗೆ ಬರುತ್ತವೆ. ನೀವು ಭಾರತೀಯ ಚಿತ್ರಗಳ ವಿಭಾಗವಾದ ಇಂಡಿಯನ್ ಪನೋರಮಾಕ್ಕೆ ನುಗ್ಗಿ. ಅಲ್ಲಿಯ ಸುಮಾರು 25 ಕಥಾಚಿತ್ರಗಳಲ್ಲಿ ಎಷ್ಟೋ ಮತ್ತೆ ಕಣ್ಣಿಗೆ ಬೀಳುವುದೇ ಇಲ್ಲ, ಮುಗಿದ ಮೇಲೆ ನಿರ್ದೇಶಕರು ಅಲ್ಲೇ ಇರುತ್ತಾರೆ, ಮಾತಾಡಿಸಬಹುದು. ರಾತ್ರಿಯ ಕೊನೆಯ ಶೋ ಬಿಟ್ಟಾಗ ಕಾರವಾರಕ್ಕೆ ಬಸ್ಸು ಹುಡುಕುವುದು ಕಷ್ಟ. ಮಡಗಾಂವಿನಲ್ಲಿ ನೆಂಟರಿದ್ದರೆ ಮೊದಲೇ ಫೋನು ಮಾಡಿಟ್ಟಿರಿ.